ಹುಡುಗಿಯೊಬ್ಬಳು ಚಿತ್ರ ಬರೆದ ಹೊಲಿಗೆ ಮೇಜು: ಉಜ್ಜಬೇಕೇ, ಹಾಗೇ ಬಿಡಬೇಕೇ?

ಪ್ರಶ್ನೆ: ನಾವು ಮಂಗಳೂರಿನವರು, ಹನ್ನೊಂದು ವರ್ಷಗಳಿಂದ ಮ್ಯಾಸಚೂಸೆಟ್ಸ್‌ನಲ್ಲಿದ್ದೇವೆ. ಹೋದ ಬೇಸಿಗೆಯಲ್ಲಿ ಪಕ್ಕದ ಊರಿನ ಅಜ್ಜಿಯೊಬ್ಬರು ತೀರಿಕೊಂಡ ಮೇಲೆ ಅವರ ಮನೆಯ ಸಾಮಾನೆಲ್ಲ ಮಾರಾಟಕ್ಕಿಟ್ಟಿದ್ದರು. ಅಲ್ಲಿ ಒಂದು ಸಣ್ಣ ಹೊಲಿಗೆ ಮೇಜು ಕೊಂಡೆ. ಎರಡು ಡ್ರಾಯರ್, ಸಪೂರ ಕಾಲುಗಳು. ಮೇಲ್ಹಲಗೆಯಲ್ಲಿ ಕಪ್ಪೆಚಿಪ್ಪುಗಳು, ನಡುವೆ ಒಂದು ಕೆರೆ, ಸೇತುವೆ, ಮನೆ. ಸುತ್ತ ಬಳ್ಳಿ. ಡ್ರಾಯರಿನ ಮುಖದ ಮೇಲೆ ಶಾಯಿಯಲ್ಲಿ ಗೆಳೆತನದ ಬಗ್ಗೆ ನಾಲ್ಕು ಸಾಲಿನ ಪದ್ಯ, ಕೆಳಗೆ ‘ಎಲೈಜಾ’ ಎಂಬ ಹೆಸರು, 1818 ಎಂಬ ಇಸವಿ. ಎಲ್ಲದರ ಮೇಲೂ ಕಂದು ಹಳದಿಯ ವಾರ್ನಿಶ್. ಸೇತುವೆಯ ಹತ್ತಿರ ಬಣ್ಣ ಚಕ್ಕೆ ಏಳುತ್ತಿದೆ. ಒಬ್ಬ ವ್ಯಾಪಾರಿ, ‘ಎಲ್ಲ ಕೆರೆದು ಪಾಲಿಶ್ ಹಾಕಿಸಿ, ಒಳಗೆ ಒಳ್ಳೆಯ ಮೇಪಲ್ ಮರವಿದೆ’ ಎಂದರು. ಇನ್ನೊಬ್ಬರು, ‘ಇದು ಆಮೇಲೆ ಬರೆದ ನಕಲಿ’ ಎಂದರು. ಅತ್ತೆ ಎಣ್ಣೆ ಹಚ್ಚಲು ಹೇಳುತ್ತಾರೆ. ನನ್ನ ಮಗಳಿಗೆ ಹನ್ನೆರಡು ವರ್ಷ, ಮೇಜು ಅವಳ ಕೋಣೆಗೆ ಬೇಕೆಂದು ಹಟ. ಎರಡು ವರ್ಷದಲ್ಲಿ ಊರಿಗೆ ಮರಳುವ ಯೋಚನೆಯಿದೆ, ಮೇಜನ್ನೂ ತರಬಹುದೇ? ಏನು ಮಾಡಲಿ?

ಉತ್ತರ: ಮೊದಲನೆಯದಾಗಿ, ಎಣ್ಣೆ ಬೇಡ. ತೆಂಗಿನೆಣ್ಣೆ, ಅಗಸೆ ಎಣ್ಣೆ, ಅಂಗಡಿಯಲ್ಲಿ ‘ಮರಕ್ಕೆ ಆಹಾರ’ ಎಂದು ಮಾರುವ ಬಾಟಲಿ, ಯಾವುದೂ ಬೇಡ. ಒದ್ದೆ ಬಟ್ಟೆಯೂ ಬೇಡ. ಈ ಉತ್ತರವನ್ನು ಪೂರ್ತಿ ಓದುವವರೆಗೆ ಮೇಜನ್ನು ಬಿಸಿಲು ಬೀಳದ, ಹೀಟರಿನಿಂದ ದೂರದ ಒಳಗೋಡೆಯ ಪಕ್ಕ ಇಟ್ಟುಬಿಡಿ. ನಿಮ್ಮ ಅತ್ತೆಯವರು ಹೇಳಿದ್ದು ನಮ್ಮೂರಿನ ತೇಗದ ಬಾಗಿಲಿಗೆ, ಬೀಟೆಯ ಪೆಟ್ಟಿಗೆಗೆ ಒಪ್ಪುವ ಮಾತು. ನಿಮ್ಮ ಮೇಜಿನ ಮೈ ಬೇರೆ ಜಾತಿಯದು.

ನಿಮ್ಮ ಪತ್ರದಲ್ಲಿರುವ ಚಿಂತೆಗಳು ಮೂರು ಎಂದು ನನಗೆ ಅರ್ಥವಾಗಿದೆ: ಇದು ನಿಜವೇ, ಇದನ್ನು ಶುಚಿ ಮಾಡಬಹುದೇ, ಮಂಗಳೂರಿಗೆ ತಂದರೆ ಉಳಿಯುತ್ತದೆಯೇ. ಮೂರಕ್ಕೂ ಉತ್ತರ ಒಂದೇ ಸಂಗತಿಯ ಮೇಲೆ ನಿಂತಿದೆ. ಅದು ಆ ಚಿತ್ರವನ್ನು ಯಾವುದರಿಂದ ಬರೆದರು ಎಂಬುದು.

ಅಮೆರಿಕದ ಈಶಾನ್ಯ ಭಾಗದಲ್ಲಿ ಸುಮಾರು 1800ರಿಂದ 1830ರವರೆಗೆ ಹೆಣ್ಣುಮಕ್ಕಳ ಶಾಲೆಗಳು ಊರೂರಲ್ಲಿ ಎದ್ದವು. ಕನೆಕ್ಟಿಕಟ್‌ನ ಲಿಚ್‌ಫೀಲ್ಡ್‌ನಲ್ಲಿ ಸಾರಾ ಪಿಯರ್ಸ್ 1792ರಲ್ಲಿ ಶುರುಮಾಡಿದ ಶಾಲೆ 1833ರವರೆಗೆ ನಡೆಯಿತು, ಮೂರು ಸಾವಿರಕ್ಕೂ ಹೆಚ್ಚು ಹುಡುಗಿಯರು ಅಲ್ಲಿ ಕಲಿತರು. ಬೋಸ್ಟನ್‌ನಲ್ಲಿ ಸುಸಾನಾ ರೌಸನ್ 1797ರಲ್ಲಿ ಶಾಲೆ ತೆರೆದರು. ಡಿಯರ್‌ಫೀಲ್ಡ್ ಅಕಾಡೆಮಿಯಲ್ಲಿ ಓರಾ ವೈಟ್ ಎಂಬ ಯುವತಿ 1813ರಿಂದ ಕೆಲವು ವರ್ಷ ಪಾಠ ಹೇಳಿದರು. ಮುಂದೆ ಮದುವೆಯಾಗಿ ಓರಾ ವೈಟ್ ಹಿಚ್‌ಕಾಕ್ ಆದ ಅವರು ಗಿಡಗಳ, ಬಂಡೆಗಳ ಚಿತ್ರಗಳಿಂದ ಹೆಸರಾದರು. ಇಂಥ ಶಾಲೆಗಳಲ್ಲಿ ಭೂಗೋಳ, ಚರಿತ್ರೆ, ವ್ಯಾಕರಣದ ಜೊತೆ ಕಸೂತಿ, ಜಲವರ್ಣ, ಅಂದದ ಕೈಬರಹ ಇರುತ್ತಿದ್ದವು. ಚಿತ್ರಕಲೆಗೆ ಸಾಮಾನ್ಯವಾಗಿ ಬೇರೆ ಶುಲ್ಕ. ಕಲಿತದ್ದನ್ನು ಕಾಗದದ ಮೇಲೆ, ರೇಷ್ಮೆಯ ಮೇಲೆ ತೋರಿಸಿದಂತೆಯೇ ಕೆಲವು ಹುಡುಗಿಯರು ಮರದ ಮೇಲೂ ತೋರಿಸಿದರು: ಸಣ್ಣ ಪೆಟ್ಟಿಗೆಗಳು, ಹೊಲಿಗೆ ಮೇಜುಗಳು. ಮನೆಗೆ ತಂದು ನಡುಮನೆಯಲ್ಲಿಟ್ಟರೆ ಬಂದ ನೆಂಟರಿಗೆ ಮಗಳ ಓದು ಕಾಣಬೇಕು.

ಈ ರೂಢಿ ಅಮೆರಿಕದಲ್ಲೇ ಹುಟ್ಟಿದ್ದಲ್ಲ. 1689ರಲ್ಲೇ ಇಂಗ್ಲೆಂಡಿನ ಎಡ್ಮಂಡ್ ವರ್ನಿ ಎಂಬ ತಂದೆ, ಚೆಲ್ಸಿಯ ಶಾಲೆಯಲ್ಲಿದ್ದ ಮೊಲ್ಲಿ ಎಂಬ ಮಗಳಿಗೆ ಪತ್ರ ಬರೆದಿದ್ದಾರೆ. ಮರಕ್ಕೆ ಹೊಳಪಿನ ಬಣ್ಣ ಹಚ್ಚಿ ಚಿತ್ರ ಬರೆಯುವ ‘ಜಪಾನಿಂಗ್’ ಕಲಿಯಬೇಕೆಂದು ಮಗಳು ಕೇಳಿದ್ದಳು. ಒಳ್ಳೆಯದು ಎಲ್ಲಿಂದ ಬಂದರೂ ಕಲಿ, ಖರ್ಚು ನಾನು ನೋಡಿಕೊಳ್ಳುತ್ತೇನೆ ಎಂಬ ಅರ್ಥದ ಮಾತು ಆ ಪತ್ರದಲ್ಲಿದೆ. ಮುನ್ನೂರು ವರ್ಷ ಹಳೆಯ ಆ ಅಪ್ಪನ ಮಾತು ನನಗೆ ಬಹಳ ಇಷ್ಟ.

ಈಗ ಮೇಜಿಗೆ ಬರೋಣ. ‘ಹುಡುಗಿ ಮಾಡಿದ ಮೇಜು’ ಎಂದು ಜನ ಹೇಳುತ್ತಾರೆ, ಅದು ತಪ್ಪು. ಮೇಜು ಮಾಡಿದ್ದು ಬಡಗಿ. ಅವನು ಬಣ್ಣ, ಪಾಲಿಶ್ ಏನೂ ಹಾಕದೆ ಬಿಳಿ ಮರವಾಗಿಯೇ ಕೊಡುತ್ತಿದ್ದ. ಮೇಪಲ್‌ನಂಥ ತಿಳಿಬಣ್ಣದ, ನಯವಾದ ಮರವನ್ನೇ ಆರಿಸುತ್ತಿದ್ದುದಕ್ಕೆ ಕಾರಣವಿದೆ. ಅದು ಕಾಗದದ ಹಾಗೆ ಬಣ್ಣ ಹಿಡಿಯುತ್ತದೆ, ಕಾಗದದ ಹಾಗೆ ಹಿನ್ನೆಲೆಯಾಗಿ ನಿಲ್ಲುತ್ತದೆ. ಹುಡುಗಿ ಅದರ ಮೇಲೆ ನೇರವಾಗಿ, ತಳಬಣ್ಣವಿಲ್ಲದೆ, ಶಾಯಿ ಮತ್ತು ಜಲವರ್ಣದಲ್ಲಿ ಬರೆಯುತ್ತಿದ್ದಳು. ಆಮೇಲೆ ಮೇಲೊಂದು ತೆಳು ವಾರ್ನಿಶ್ ಬೀಳುತ್ತಿತ್ತು. ಚಿತ್ರವೂ ಸಾಮಾನ್ಯವಾಗಿ ಅವಳ ಕಲ್ಪನೆಯದಲ್ಲ. ಅಚ್ಚಿನ ಚಿತ್ರಗಳು, ಟೀಚರ್ ಇಟ್ಟುಕೊಂಡ ಮಾದರಿಗಳು, ಇವನ್ನು ನೋಡಿ ನಕಲು ಮಾಡುವುದೇ ಅಂದಿನ ಕಲಿಕೆ. ನಿಮ್ಮ ಕೆರೆ, ಸೇತುವೆ, ಮನೆ ಇಂಗ್ಲೆಂಡಿನ ಯಾವುದೋ ಅಚ್ಚಿನಿಂದ ಬಂದಿರುವ ಸಾಧ್ಯತೆಯೇ ಹೆಚ್ಚು. ಅದರಿಂದ ಮೇಜಿನ ಬೆಲೆ ಕುಂದುವುದಿಲ್ಲ. ಸಂಗೀತ ಕಲಿಯುವ ಹುಡುಗಿ ಗುರು ಹಾಡಿದ ಕೃತಿಯನ್ನೇ ಹಾಡುವುದಿಲ್ಲವೇ?

ಕಪ್ಪೆಚಿಪ್ಪಿನ ಬಗ್ಗೆ ಒಂದು ಮಾತು. ಅದು ಆ ಕಾಲದ ದೊಡ್ಡ ಮನೆಗಳ ಫ್ಯಾಷನ್. 1809ರಲ್ಲಿ ಬೋಸ್ಟನ್‌ನ ಥಾಮಸ್ ಸೀಮೋರ್ ಎಲಿಜಬೆತ್ ಡರ್ಬಿಗಾಗಿ ಮಾಡಿದ ಅರ್ಧವೃತ್ತದ ಡ್ರಾಯರ್ ಪೆಟ್ಟಿಗೆಯೊಂದು ಬೋಸ್ಟನ್ನಿನ ಲಲಿತಕಲಾ ಮ್ಯೂಸಿಯಂನಲ್ಲಿದೆ. ಅದರ ಮೇಲ್ಹಲಗೆಗೆ ಕಪ್ಪೆಚಿಪ್ಪು ಬರೆದದ್ದು ಜಾನ್ ರಿಟೊ ಪೆನಿಮನ್ ಎಂಬ ವೃತ್ತಿ ಚಿತ್ರಕಾರ, ಕೂಲಿ 10 ಡಾಲರ್ ಎಂದು ಅಂದಿನ ಬಿಲ್ಲಿನಲ್ಲೇ ಇದೆ. ನಿಮಗೆ ಅನುಕೂಲವಾದ ದಿನ ಮಗಳನ್ನು ಕರೆದುಕೊಂಡು ಹೋಗಿ ನೋಡಿ. ಪೆನಿಮನ್‌ನ ಚಿಪ್ಪಿನಲ್ಲಿ ನೆರಳು ತಪ್ಪುವುದಿಲ್ಲ, ಗೆರೆ ನಡುಗುವುದಿಲ್ಲ. ಶಾಲೆಯ ಹುಡುಗಿಯರ ಚಿಪ್ಪಿನಲ್ಲಿ ಎರಡೂ ಆಗುತ್ತವೆ. ಬಲಮೂಲೆಗೆ ಬರುವಷ್ಟರಲ್ಲಿ ಜಾಗ ಸಾಲದೆ ಬಳ್ಳಿ ಇಕ್ಕಟ್ಟಾಗಿರುತ್ತದೆ, ಪದ್ಯದ ಕೊನೆಯ ಪದ ಮಡಚಿಕೊಂಡಿರುತ್ತದೆ. ನಾನು ಮೊದಲು ಹುಡುಕುವುದು ಅಂಥ ಜಾಗಗಳನ್ನೇ.

ನಕಲಿ ಎಂದ ವ್ಯಾಪಾರಿಯ ಮಾತನ್ನು ತಳ್ಳಿಹಾಕಬೇಡಿ. ಸಾದಾ ಹಳೆಯ ಮೇಜಿಗೆ ಬಹಳ ಕಾಲದ ಮೇಲೆ ಚಿತ್ರ ಬರೆದು, ಹೆಸರು ಇಸವಿ ಸೇರಿಸಿ ಮಾರಿದ ಉದಾಹರಣೆಗಳಿವೆ. ಹೆಸರಿದ್ದ ಮಾತ್ರಕ್ಕೆ ನಿಜ ಎನ್ನಲಾಗದು. ನೀವೇ ಮನೆಯಲ್ಲಿ ಮೇಜಿಗೆ ನೋವಾಗದಂತೆ ನೋಡಬಹುದಾದ ಕೆಲವು ಸಂಗತಿಗಳಿವೆ.

ಡ್ರಾಯರನ್ನು ಪೂರ್ತಿ ಹೊರಗೆಳೆದು ತಿರುಗಿಸಿ. ಮೂಲೆಯಲ್ಲಿ ಹಲಗೆಗಳನ್ನು ಜೋಡಿಸುವ, ಪಾರಿವಾಳದ ಬಾಲದ ಆಕಾರದ ಡವ್‌ಟೇಲ್ ಕಚ್ಚುಗಳು ಒಂದಕ್ಕೊಂದು ಸ್ವಲ್ಪ ಹೆಚ್ಚುಕಮ್ಮಿಯಾಗಿದ್ದರೆ ಅದು ಕೈಕೆಲಸ. ತಳದ ಹಲಗೆಯಲ್ಲಿ ಗರಗಸದ ಗುರುತು ನೇರ ಗೆರೆಗಳಾಗಿದ್ದರೆ ಒಳ್ಳೆಯದು, ಕಮಾನಿನಂತೆ ಬಾಗಿದ್ದರೆ ಅದು ವೃತ್ತಾಕಾರದ ಗರಗಸ, ಅದು ಸಾಮಾನ್ಯವಾದದ್ದು ಸುಮಾರು 1830ರ ನಂತರ. ಸ್ಕ್ರೂವಿನ ತುದಿ ಮೊಂಡಾಗಿದೆಯೇ, ಚೂಪಾಗಿದೆಯೇ? ಚೂಪು ತುದಿಯ ಸ್ಕ್ರೂ ಯಂತ್ರದಿಂದ ಬಂದದ್ದು 1840ರ ದಶಕದಲ್ಲಿ. ಆದರೆ ಇವೆಲ್ಲ ಹೇಳುವುದು ಮೇಜಿನ ವಯಸ್ಸನ್ನು, ಚಿತ್ರದ ವಯಸ್ಸನ್ನಲ್ಲ.

ಚಿತ್ರಕ್ಕೆ ಒಂದು ಟಾರ್ಚ್ ಮತ್ತು ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಭೂತಗನ್ನಡಿ ಸಾಕು. ಟಾರ್ಚನ್ನು ಹಲಗೆಗೆ ಸಮವಾಗಿ, ಪಕ್ಕದಿಂದ ಹಿಡಿಯಿರಿ. ಮರದಲ್ಲಿ ಹಳೆಯ ಗೀರು, ಬಿರುಕು ಕಂಡಲ್ಲಿ ನಿಲ್ಲಿ. ಬಿರುಕು ಚಿತ್ರವನ್ನು ಸೀಳಿಕೊಂಡು ಹೋಗಿದ್ದರೆ ಚಿತ್ರ ಮೊದಲು, ಬಿರುಕು ಆಮೇಲೆ. ಬಣ್ಣವೇ ಬಿರುಕಿನೊಳಗೆ ಇಳಿದು ಕೂತಿದ್ದರೆ ಮರ ಮುಪ್ಪಾದ ಮೇಲೆ ಯಾರೋ ಬರೆದದ್ದು. ಈ ಪರೀಕ್ಷೆ ನನಗೆ ಎಷ್ಟೋ ಸಲ ಯಂತ್ರಗಳಿಗಿಂತ ಮುಂಚೆ ಉತ್ತರ ಕೊಟ್ಟಿದೆ. ಕತ್ತಲೆ ಕೋಣೆಯಲ್ಲಿ ಅತಿನೇರಳೆ ಟಾರ್ಚ್ ಹಿಡಿದರೆ ವಾರ್ನಿಶ್ ಮಾತಾಡುತ್ತದೆ: ಹಳೆಯ ಮರದ ರಾಳದ ವಾರ್ನಿಶ್ ಹಸಿರು ಹಳದಿಯಾಗಿ, ಅರಗಿನ ಪಾಲಿಶ್ ಕಿತ್ತಳೆಯಾಗಿ ಹೊಳೆಯುತ್ತದೆ, ಆಮೇಲಿನ ತೇಪೆಗಳು ಹೆಚ್ಚಾಗಿ ಕಪ್ಪು ಕಲೆಗಳಾಗಿ ನಿಲ್ಲುತ್ತವೆ. ಟಾರ್ಚನ್ನು ಕಣ್ಣಿಗೆ ಹಿಡಿಯಬೇಡಿ, ಮಗಳ ಕೈಗೂ ಕೊಡಬೇಡಿ.

ಇಷ್ಟಾದ ಮೇಲೂ ಅನುಮಾನ ಉಳಿದರೆ ಪ್ರಯೋಗಾಲಯವಿದೆ. ಬಿಳಿ ಬಣ್ಣದಲ್ಲಿ ಟೈಟಾನಿಯಂ ಸಿಕ್ಕರೆ ಆ ಭಾಗ 20ನೇ ಶತಮಾನದ್ದು. ಚೈನೀಸ್ ವೈಟ್ ಎಂಬ ಸತುವಿನ ಬಿಳಿ ಜಲವರ್ಣವಾಗಿ ಮಾರುಕಟ್ಟೆಗೆ ಬಂದದ್ದು 1834ರಲ್ಲಿ, 1818ರ ಎಲೈಜಾಳ ಕೈಗೆ ಅದು ಸಿಕ್ಕಿರಲಾರದು. ಅವಳ ಹತ್ತಿರ ಇದ್ದದ್ದು ಬಿಲ್ಲೆ ಬಣ್ಣಗಳು. ಲಂಡನ್ನಿನ ರೀವ್ಸ್ ಸಹೋದರರು ಗೋಂದಿನಲ್ಲಿ ಅರೆದು ಅಚ್ಚು ಹಾಕಿದ ಬಿಲ್ಲೆಗಳಿಗೆ 1781ರಲ್ಲಿ ಬಹುಮಾನ ಪಡೆದಿದ್ದರು, ಅದರ ಮೇಲೆ ಹುಡುಗಿಯರ ಕೈಗೂ ಬಣ್ಣದ ಪೆಟ್ಟಿಗೆ ಬಂತು. ಆ ಪೆಟ್ಟಿಗೆಯಲ್ಲಿ ನಮ್ಮ ಕಡೆಯ ನೆಂಟರೂ ಇದ್ದರು. ನೀಲಿಗೆ ನೀಲಿಗಿಡದ ನೀಲಿ, ಬಂಗಾಳದಿಂದ ಆಗ ಹಡಗುಗಟ್ಟಲೆ ಹೋಗುತ್ತಿತ್ತು. ಹಳದಿಗೆ ಗ್ಯಾಂಬೋಜ್, ನಿಮ್ಮೂರಿನ ಪುನರ್ಪುಳಿಯದೇ ಕುಲದ ಮರವೊಂದರ ಅಂಟು. ಆ ಹಳದಿಗೆ ಬೆಳಕು ಆಗುವುದಿಲ್ಲ. ಕೆಂಪಿನ ಕಾರ್ಮೈನ್‌ಗಂತೂ ಇನ್ನೂ ಆಗುವುದಿಲ್ಲ. ನಿಮ್ಮ ಬಳ್ಳಿಯ ಎಲೆಗಳು ಹಸಿರಾಗಿರುವ ಬದಲು ನೀಲಿಯಾಗಿ ಕಾಣುತ್ತಿದ್ದರೆ, ಹುಡುಗಿ ಬೆರೆಸಿದ ಹಳದಿ ಬಿಸಿಲಿಗೆ ಹೋಗಿ ನೀಲಿ ಮಾತ್ರ ಉಳಿದಿದೆ ಎಂದು ಅರ್ಥ. ಹೋದದ್ದು ಮರಳುವುದಿಲ್ಲ.

ಈಗ ಮುಖ್ಯ ಮಾತು. ಗೋಂದಿನಲ್ಲಿ ಕಟ್ಟಿದ ಬಣ್ಣ ಇನ್ನೂರು ವರ್ಷದ ಮೇಲೂ ನೀರು ತಾಗಿದರೆ ಕರಗುತ್ತದೆ. ಅದನ್ನು ಕಾಯುತ್ತಿರುವುದು ಮೇಲಿನ ವಾರ್ನಿಶ್ ಮಾತ್ರ. ಆ ವಾರ್ನಿಶ್ಶೋ ಸ್ಪಿರಿಟಿನಲ್ಲಿ ಕರಗಿಸಿದ ರಾಳ, ಸ್ಪಿರಿಟ್ ತಾಗಿದರೆ ಮತ್ತೆ ಕರಗುತ್ತದೆ. ಅಂದರೆ ನೀರಿಗೆ ಚಿತ್ರ ಹೋಗುತ್ತದೆ, ಸ್ಪಿರಿಟಿಗೆ ಕವಚ ಹೋಗುತ್ತದೆ. ಎಣ್ಣೆ ಹಚ್ಚಿದರೆ ಅದು ಬಿರುಕುಗಳಲ್ಲಿ ಇಳಿದು, ಬಣ್ಣವಿಲ್ಲದ ಮರವನ್ನು ಕಪ್ಪು ಮಾಡಿ, ವರ್ಷಗಳಲ್ಲಿ ಒಣಗಿ ಗಟ್ಟಿ ಪದರವಾಗುತ್ತದೆ. ಆಮೇಲೆ ಅದನ್ನು ತೆಗೆಯಲು ಬೇಕಾಗುವ ದ್ರಾವಣ ಚಿತ್ರವನ್ನೂ ಕೊಂಡೊಯ್ಯುತ್ತದೆ. ಎಂಜಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುವುದು ತೈಲಚಿತ್ರಗಳಿಗೆ ನಾವು ಬಳಸುವ ಹಳೆಯ ವಿಧಾನ, ಅದನ್ನು ಓದಿ ಮನೆಯಲ್ಲಿ ಮಾಡಿದವರನ್ನು ಕಂಡಿದ್ದೇನೆ. ಇಲ್ಲಿ ಅದೂ ನೀರೇ. ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಒಂದು ಪೆಟ್ಟಿಗೆಯ ಮುಚ್ಚಳದ ಮೇಲೆ, ವಾರ್ನಿಶ್ ಗಟ್ಟಿಯಿದೆ ಎಂದು ನಂಬಿ, ತೇವದ ಹತ್ತಿ ಇಟ್ಟೆ. ಕಣ್ಣಿಗೆ ಕಾಣದ ಒಂದು ಬಿರುಕಿತ್ತು. ಹತ್ತಿ ಎತ್ತಿದಾಗ ಗುಲಾಬಿಯ ಒಂದು ಎಸಳು ಹತ್ತಿಯ ಮೇಲಿತ್ತು. ಮೂವತ್ತು ವರ್ಷವಾಯಿತು, ಆ ಗುಲಾಬಿ ಬಣ್ಣ ಇವತ್ತಿಗೂ ಕಣ್ಣ ಮುಂದಿದೆ.

ಆದ್ದರಿಂದ ನಿಮ್ಮದನ್ನು ಪೀಠೋಪಕರಣ ಎಂದುಕೊಳ್ಳದೆ, ಮರದ ಮೇಲೆ ಬರೆದ ಒಂದು ಹಾಳೆ ಎಂದುಕೊಳ್ಳಿ. ಶಾಲೆಯ ನೋಟುಪುಸ್ತಕದ ಹಾಳೆಯನ್ನು ಯಾರೂ ತೊಳೆಯುವುದಿಲ್ಲ, ಅದಕ್ಕೆ ಎಣ್ಣೆ ಹಚ್ಚುವುದಿಲ್ಲ, ಕೆರೆದು ಪಾಲಿಶ್ ಹಾಕುವುದಿಲ್ಲ.

ಕೆರೆಯುವ ಸಲಹೆಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಬಡಗಿ ಮಾಡಿದ ಸಾದಾ ಮೇಪಲ್ ಮೇಜುಗಳು ನ್ಯೂ ಇಂಗ್ಲೆಂಡ್ ಎಂದು ಕರೆಯುವ ನಿಮ್ಮ ಈಶಾನ್ಯ ರಾಜ್ಯಗಳಲ್ಲಿ ಬೇಕಾದಷ್ಟು ಸಿಗುತ್ತವೆ. ನಿಮ್ಮದರ ಬೆಲೆಯೆಲ್ಲ ಆ ಒಂದು ಕೂದಲೆಳೆಯ ದಪ್ಪದಲ್ಲಿದೆ. ಜೊತೆಗೆ ಹಳೆಯ ಬಣ್ಣದಲ್ಲಿ ಸೀಸ, ಪಾದರಸ, ಕೆಲವು ಹಸಿರುಗಳಲ್ಲಿ ಶಂಖಪಾಷಾಣ ಇರಬಹುದು. ಮರಳು ಕಾಗದ ಹಿಡಿದು ಉಜ್ಜಿದರೆ ಆ ಪುಡಿ ಹೋಗುವುದು ನಿಮ್ಮ ಮಗಳ ಮೂಗಿಗೆ.

ಹಾಗಾದರೆ ಮಾಡುವುದೇನು? ನನ್ನ ಮೊದಲ ಆಯ್ಕೆ, ಏಳುತ್ತಿರುವ ಚಕ್ಕೆಗಳನ್ನು ಮಾತ್ರ ಕೂರಿಸಿ ಉಳಿದದ್ದನ್ನು ಮುಟ್ಟದೆ ಬಿಡುವುದು. ಸಂರಕ್ಷಕರು ಮೀನಿನ ಗಾಳಿಚೀಲದಿಂದ ತೆಗೆದ ಅತಿ ತೆಳುವಾದ ಅಂಟನ್ನೋ ಅದರಂಥ ಬೇರೊಂದನ್ನೋ ಸಣ್ಣ ಕುಂಚದ ತುದಿಯಲ್ಲಿ ಚಕ್ಕೆಯ ಕೆಳಗೆ ಹರಿಸಿ, ಮೆಲ್ಲಗೆ ಒತ್ತಿ ಕೂರಿಸುತ್ತಾರೆ. ಇದರಲ್ಲೂ ಅಪಾಯವಿದೆ: ಅಂಟಿನಲ್ಲಿ ನೀರಿದ್ದರೆ ಜಲವರ್ಣದ ಅಂಚು ಹರಡಬಹುದು. ಹಾಗಾಗಿ ಮೊದಲು ಮೂಲೆಯ ಒಂದು ಚುಕ್ಕೆಯಲ್ಲಿ ಪರೀಕ್ಷೆ ಮಾಡದೆ ಶುರುಮಾಡುವವರನ್ನು ನಂಬಬೇಡಿ.

ಎರಡನೆಯದು, ವಾರ್ನಿಶ್ ತೆಳು ಮಾಡಿಸುವುದು. ಕಂದು ಮುಸುಕಿನ ಕೆಳಗೆ ಬಣ್ಣ ಹೇಗಿದೆಯೆಂದು ನೋಡುವ ಆಸೆ ನಿಮಗಿದೆ, ನನಗೂ ಇರುತ್ತದೆ. ಆ ಕಂದು ಬಣ್ಣ ಅರಗಿನ ಪಾಲಿಶ್ ಆಗಿದ್ದು ಆಮೇಲೆ ಬಿದ್ದದ್ದಾದರೆ, ಅದನ್ನು ಮಾತ್ರ ಒಂದಿಷ್ಟು ತೆಗೆದು ಕೆಳಗಿನ ಮೊದಲ ವಾರ್ನಿಶ್ ಉಳಿಸಲು ಕೆಲವೊಮ್ಮೆ ಸಾಧ್ಯ. ಎರಡೂ ಒಂದೇ ದ್ರಾವಣಕ್ಕೆ ಕರಗುವ ಜಾತಿಯಾದರೆ ಸಾಧ್ಯವಿಲ್ಲ. ಪದ್ಯದ ಶಾಯಿ ಕಬ್ಬಿಣದ ಉಪ್ಪು ಬೆರೆಸಿ ಮಾಡುತ್ತಿದ್ದ ಅಂದಿನ ಶಾಯಿಯಾಗಿರಬಹುದು, ಆ ಡ್ರಾಯರನ್ನಂತೂ ಮುಟ್ಟದಿರುವುದೇ ಮೇಲು. ಹತ್ತರಲ್ಲಿ ಏಳು ಸಲ ನಾನು ‘ಬೇಡ’ ಎಂದೇ ಹೇಳುತ್ತೇನೆ. ಹಳದಿ ಮುಸುಕಿನಲ್ಲಿ ಪೂರ್ತಿ ಚಿತ್ರ ಇರುವುದು, ತಿಳಿ ಬೆಳಕಿನಲ್ಲಿ ಅರ್ಧ ಚಿತ್ರ ಇರುವುದಕ್ಕಿಂತ ವಾಸಿ.

ಬಣ್ಣ ಉದುರಿಹೋದ ಜಾಗಕ್ಕೆ ಹೊಸ ಬಣ್ಣ ತುಂಬಿಸುವುದು ಮೂರನೆಯದು. ಸುಲಭವಾಗಿ ತೆಗೆಯಬಹುದಾದ ಬಣ್ಣದಲ್ಲಿ, ಉದುರಿದ ಜಾಗದಲ್ಲಿ ಮಾತ್ರ, ಹಳೆಯ ಗೆರೆಯ ಮೇಲೆ ಹೋಗದಂತೆ ಮಾಡಿದರೆ ತೊಂದರೆಯಿಲ್ಲ. ಎಲೈಜಾಳ ತಪ್ಪು ನೆರಳನ್ನು ‘ಸರಿ’ ಮಾಡಲು ಹೊರಟವರಿಗೆ ಮೇಜು ಕೊಡಬೇಡಿ.

ಕೆಲಸಗಾರರನ್ನು ಹುಡುಕಲು ಅಮೆರಿಕನ್ ಇನ್‌ಸ್ಟಿಟ್ಯೂಟ್ ಫಾರ್ ಕನ್ಸರ್ವೇಶನ್ ಇಟ್ಟಿರುವ ವೃತ್ತಿಪರರ ಪಟ್ಟಿ ನೋಡಿ. ಪೀಠೋಪಕರಣ ರಿಪೇರಿಯವರನ್ನು ಕೇಳದೆ, ಬಣ್ಣ ಬಳಿದ ಮರದ ಸಂರಕ್ಷಣೆ ಮಾಡುವವರನ್ನೇ ಕೇಳಿ. ಖರ್ಚು ನೀವು ಮೇಜಿಗೆ ಕೊಟ್ಟ ಬೆಲೆಯನ್ನು ಮೀರಬಹುದು, ಮೊದಲೇ ಬರಹದಲ್ಲಿ ಅಂದಾಜು ತೆಗೆದುಕೊಳ್ಳಿ.

ಕೊನೆಯದಾಗಿ ಮಂಗಳೂರು. ಇದೇ ನನಗೆ ಹೆಚ್ಚು ಚಿಂತೆಯ ವಿಷಯ. ಚಳಿಗಾಲದಲ್ಲಿ ಹೀಟರ್ ಹಾಕಿದ ನಿಮ್ಮ ಮನೆಯೊಳಗಿನ ತೇವಾಂಶ ಶೇ 25ಕ್ಕಿಂತ ಕೆಳಗಿಳಿದಿರುತ್ತದೆ. ಮಂಗಳೂರಿನ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಶೇ 85 ದಾಟುತ್ತದೆ, ವಾರಗಟ್ಟಲೆ ಇಳಿಯುವುದೇ ಇಲ್ಲ. ಮೇಪಲ್ ತೇವ ಕುಡಿದು ಅಗಲಕ್ಕೆ ಹಿಗ್ಗುವ ಮರ. ಹದಿನೆಂಟು ಅಂಗುಲದ ಹಲಗೆ ಈ ಎರಡು ತುದಿಗಳ ನಡುವೆ ಪೂರ್ತಿ ಹೊಂದಿಕೊಂಡರೆ ಒಂದು ಸೆಂಟಿಮೀಟರಿನಷ್ಟು, ಹಲಗೆ ಸೀಳಿದ ರೀತಿಯ ಮೇಲೆ ಅದಕ್ಕಿಂತಲೂ ಹೆಚ್ಚು, ಹಿಗ್ಗಬಹುದು. ಮರ ಹಿಗ್ಗುತ್ತದೆ, ಮೇಲಿನ ಗಡುಸಾದ ವಾರ್ನಿಶ್ ಹಿಗ್ಗುವುದಿಲ್ಲ. ಸೇತುವೆಯ ಹತ್ತಿರ ಈಗ ಏಳುತ್ತಿರುವ ಚಕ್ಕೆಯೂ ಇದೇ ಎಳೆದಾಟದ ಫಲ: ಬೇಸಿಗೆಯಲ್ಲಿ ಹಿಗ್ಗು, ಹೀಟರಿಗೆ ಕುಗ್ಗು, ಇನ್ನೂರು ವರ್ಷ. ಅದರ ಮೇಲೆ ಬೂಷ್ಟು, ಗೋಂದು ಅದಕ್ಕೆ ಊಟ. ಅದರ ಮೇಲೆ ಗೆದ್ದಲು ಮತ್ತು ಕುಟ್ಟೆ ಹುಳು. ತೇಗಕ್ಕೆ, ಬೀಟೆಗೆ ತಮ್ಮನ್ನು ತಾವು ಕಾಯುವ ಗುಣವಿದೆ, ಮೇಪಲ್‌ಗೆ ಇಲ್ಲ.

ತರಲೇಬೇಕೆಂದಿದ್ದರೆ, ಚಕ್ಕೆಗಳನ್ನು ಅಲ್ಲೇ ಕೂರಿಸಿ ಮುಗಿಸಿ, ಮಳೆಗಾಲ ಕಳೆದ ಮೇಲೆ ಡಿಸೆಂಬರ್ ಜನವರಿಯಲ್ಲಿ ಇಳಿಯುವಂತೆ ಕಳಿಸಿ. ಬಿಚ್ಚದೆ ಎರಡು ಮೂರು ವಾರ ಪೆಟ್ಟಿಗೆಯಲ್ಲೇ ಬಿಡಿ, ನಿಧಾನವಾಗಿ ಹೊಂದಿಕೊಳ್ಳಲಿ. ಆಮೇಲೆ ತೇವ ತೆಗೆಯುವ ಯಂತ್ರವಿರುವ ಒಂದು ಕೋಣೆ ಬೇಕು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಹಗಲೂ ರಾತ್ರಿಯೂ ಓಡಬೇಕು. ಕರೆಂಟು ಹೋಗುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ರಾತ್ರಿ ಮಾತ್ರ ಎಸಿ ಹಾಕಿ ಹಗಲು ಆರಿಸುವುದು ಏನೂ ಮಾಡದಿರುವುದಕ್ಕಿಂತ ಕೆಟ್ಟದ್ದು, ದಿನವೂ ಒಂದು ಎಳೆದಾಟವಾಗುತ್ತದೆ. ತೊಂದರೆಯಾದರೆ ಹತ್ತಿರದ ಆಸರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿರುವ ಇನ್‌ಟ್ಯಾಕ್ ಎಂಬ ಪರಂಪರೆ ಉಳಿಸುವ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರ. ನನ್ನನ್ನೇ ಕೇಳಿದರೆ, ನೀವು ಹೊರಡುವ ಮುಂಚೆ ಆ ಮೇಜನ್ನು ಮ್ಯಾಸಚೂಸೆಟ್ಸ್‌ನ ಯಾವುದಾದರೂ ಊರಿನ ಇತಿಹಾಸ ಸಂಘಕ್ಕೋ ಮ್ಯೂಸಿಯಂಗೋ ತೋರಿಸಿ. ಚಿತ್ರ ನಿಜವಾದರೆ ಆ ಹುಡುಗಿಯ ಶಾಲೆ ಅಲ್ಲೇ ಎಲ್ಲೋ ಇದ್ದಿರಬಹುದು. ಪೂರ್ತಿ ಹೆಸರು ಪತ್ತೆಯಾದರೆ ಚರ್ಚಿನ, ಶಾಲೆಯ ದಾಖಲೆಗಳಲ್ಲಿ ಅವಳು ಸಿಗಬಹುದು. ಕೊಡುವುದು ಬಿಡುವುದು ನಿಮ್ಮಿಷ್ಟ, ನಿಮ್ಮನ್ನು ಒತ್ತಾಯಿಸುವ ಹಕ್ಕು ನನಗಿಲ್ಲ.

ಅಲ್ಲಿಯವರೆಗೆ ಮೇಜು ಮಗಳ ಕೋಣೆಯಲ್ಲಿರಬಹುದೇ ಎಂದರೆ, ಇರಲಿ ಎನ್ನುತ್ತೇನೆ. ಹನ್ನೆರಡು ವರ್ಷದ ಹುಡುಗಿ ಇನ್ನೊಬ್ಬ ಹುಡುಗಿಯ ಕೆಲಸವನ್ನು ದಿನವೂ ನೋಡಲಿ. ಕಿಟಕಿಯ ಎದುರು ಬೇಡ, ಮೇಲೆ ನೀರಿನ ಲೋಟ, ಹೂದಾನಿ, ದೀಪ ಬೇಡ. ಧೂಳಿಗೆ ಒಣಗಿದ ಮೆತ್ತನೆ ಕುಂಚ ಸಾಕು, ಚಕ್ಕೆ ಎದ್ದ ಜಾಗದಲ್ಲಿ ಅದೂ ಬೇಡ. ಈಗಲೇ ಎಲ್ಲ ಬದಿಯ ಫೋಟೋ ತೆಗೆದು ದಿನಾಂಕ ಬರೆದಿಡಿ, ಆರು ತಿಂಗಳಿಗೊಮ್ಮೆ ಅದೇ ಬೆಳಕಿನಲ್ಲಿ ಮತ್ತೆ ತೆಗೆಯಿರಿ. ಡ್ರಾಯರಿನ ಕೆಳಗೆ ಕಾಲುಗಳ ನಡುವೆ ಜಾರುವ ಚೌಕಟ್ಟೊಂದು ಇದ್ದರೆ ಅದು ಹೊಲಿಗೆ ಸಾಮಾನಿನ ರೇಷ್ಮೆ ಚೀಲ ತೂಗುತ್ತಿದ್ದ ಜಾಗ. ಅದರ ಅಂಚಿನಲ್ಲಿ ಸಣ್ಣ ಮೊಳೆಗಳ ಕೆಳಗೆ ಹಳೆಯ ರೇಷ್ಮೆಯ ನೂಲು ಸಿಕ್ಕಿಕೊಂಡಿರಬಹುದು, ಕೀಳಬೇಡಿ. ಇಷ್ಟರೊಳಗೆ ಬಣ್ಣದ ಚಕ್ಕೆ ಏನಾದರೂ ಉದುರಿದರೆ ಗುಡಿಸಿ ಎಸೆಯದೆ, ಒಣಗಿದ ಕುಂಚದ ತುದಿಯಿಂದ ಎತ್ತಿ ಒಂದು ಲಕೋಟೆಯಲ್ಲಿ ಹಾಕಿ, ಎಲ್ಲಿಂದ ಬಿತ್ತು ಎಂದು ಮೇಲೆ ಬರೆದಿಡಿ. ಸಂರಕ್ಷಕರು ಬಂದ ದಿನ ಅದನ್ನು ಅದರ ಜಾಗಕ್ಕೇ ಕೂರಿಸಬಹುದು.